ತನಿಯ ಹೊತ್ತಿನ ಬೋಂಡಾ

ಯಾರನ್ನಾದರೂ ಒಬ್ಬರನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅನ್ನುವ ಆಸೆ ಇಲ್ಲದ ಮನುಷ್ಯ ಇರಲಾರ. ದನಿ ಕೇಳಿದರೆ ಸಾಲದು, ಪೇಪರಿನಲ್ಲಿ ಚಿತ್ರ ನೋಡಿದರೂ ಸಾಲದು. ಆ ಮಹಾನುಭಾವರು ನಮ್ಮೆದುರು ಕೂತು ಕೆಮ್ಮಬೇಕು, ನೀರು ಕುಡಿಯಬೇಕು, ಶಾಲು ಸರಿಮಾಡಿಕೊಳ್ಳಬೇಕು, ಅದನ್ನು ನಾವು ನೋಡಬೇಕು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ರಾಮಣ್ಣ ಒಬ್ಬ ಸಿನಿಮಾ ನಟಿಯನ್ನು ನೋಡುವ ಆಸೆಯಿಂದ ಶನಿವಾರ ಬಂತೆಂದರೆ ಗಾಂಧಿನಗರದ ಸಿನಿಮಾ ಆಫೀಸುಗಳ ಮುಂದೆ ಅಲೆಯುತ್ತಿದ್ದ. ಕೊನೆಗೊಂದು ದಿನ ಆಕೆಯ ಕಾರನ್ನು ನೋಡಿದನಂತೆ. ಕಾರಿನಲ್ಲಿ ಆಕೆ ಇರಲಿಲ್ಲ. ಡ್ರೈವರೊಬ್ಬನೇ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಆದರೂ ಸೋಮವಾರ ರಾಮಣ್ಣ ಆ ಕಾರಿನ ಬಣ್ಣವನ್ನು ವರ್ಣಿಸುತ್ತಿದ್ದರೆ ನಮ್ಮ ಸೆಕ್ಷನ್ನಿಗೆ ಸೆಕ್ಷನ್ನೇ ಪೆನ್ನು ಕೆಳಗಿಟ್ಟು ಕೇಳಿತು. ನನಗೆ ಅಂಥ ಹುಚ್ಚು ಯಾವುದೂ ಇರಲಿಲ್ಲ. ನನ್ನ ಹೆಂಡತಿಗಿತ್ತು. ಹೆಂಡತಿಯ ಹುಚ್ಚು ಗಂಡನ ತಲೆಗೆ ಸುತ್ತಿಕೊಳ್ಳದೆ ಎಲ್ಲಿಗೆ ಹೋಗುತ್ತದೆ ಹೇಳಿ.

ಸರೋಜ ನೋಡಬೇಕೆಂದು ಹಂಬಲಿಸುತ್ತಿದ್ದದ್ದು ಹಾಡುವವರನ್ನಲ್ಲ, ಪಿಟೀಲಿನವರನ್ನಲ್ಲ, ಮೃದಂಗದವರನ್ನೂ ಅಲ್ಲ. ವೇದಿಕೆಯ ಮೂಲೆಯಲ್ಲಿ ಮಣ್ಣಿನ ಮಡಕೆಯೊಂದನ್ನು ಹೊಟ್ಟೆಗೆ ಅವಚಿಕೊಂಡು ಕೂರುತ್ತಾರಲ್ಲ, ಆ ಘಟದ ವಿದ್ವಾಂಸರಲ್ಲಿ ಒಬ್ಬರನ್ನು. ಅವಳು ಹುಟ್ಟಿ ಬೆಳೆದದ್ದು ತರಗುಪೇಟೆಯಲ್ಲಿ, ಅವರಪ್ಪನ ಬೇಳೆಕಾಳಿನ ಅಂಗಡಿಯ ಹಿಂದಿನ ಮನೆಯಲ್ಲಿ. ಖಾಲಿ ಡಬ್ಬದ ಸದ್ದು ಬೇರೆ, ಅರ್ಧ ತುಂಬಿದ ತೊಗರಿಬೇಳೆ ಡಬ್ಬದ ಸದ್ದು ಬೇರೆ ಎಂಬ ಜ್ಞಾನ ಅವಳಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಆಗಿತ್ತಂತೆ. ಮದುವೆಯಾಗಿ ನಮ್ಮ ಚಾಮರಾಜಪೇಟೆಯ ವಠಾರಕ್ಕೆ ಬಂದ ಮೇಲೆ ನಮ್ಮ ಮನೆಯ ಯಾವ ಪಾತ್ರೆಗೂ ಸುಮ್ಮನಿರುವ ಯೋಗ ಉಳಿಯಲಿಲ್ಲ. ಹುಳಿ ಕುದಿಯುವಾಗ ಮುಚ್ಚಳದ ಮೇಲೆ ಬೆರಳು, ನೀರು ತುಂಬುವಾಗ ಬಿಂದಿಗೆಯ ಮೇಲೆ ಅಂಗೈ. ತಾಳ ಎಲ್ಲೋ ಜಟಿಲವಾದ ದಿನ ಪಲ್ಯ ಸೀಯುತ್ತಿತ್ತು. ಒಮ್ಮೆ ನನಗೆ ಬೆನ್ನು ನೋವೆಂದು ಅಮೃತಾಂಜನ ಹಚ್ಚಲು ಕೂತವಳು ಹಚ್ಚುವುದನ್ನು ಬಿಟ್ಟು ಆದಿತಾಳ ಹಿಡಿದುಬಿಟ್ಟಳು. ನೋವೇನೋ ಹೋಯಿತು, ಸುಳ್ಳು ಹೇಳಬಾರದು.

ಈ ಹುಚ್ಚಿನ ನಡುವೆ ಒಂದು ಒಗಟು ಇತ್ತು. ಕಚೇರಿಯಲ್ಲಿ ಹಾಡುವವರು ಸ್ವಲ್ಪ ಹೊತ್ತು ಸುಮ್ಮನಾಗಿ, ಮೃದಂಗ ಘಟಗಳೆರಡೇ ನುಡಿಯುವ ಭಾಗವೊಂದಿದೆ. ಅದೇ ತನಿ ಆವರ್ತನ. ಎಲ್ಲೆಲ್ಲೋ ನಡೆದ ಕಚೇರಿಗಳನ್ನು ರೇಡಿಯೋದಲ್ಲಿ ಹಾಕುತ್ತಿದ್ದರಲ್ಲ, ಅದರಲ್ಲಿ ಈ ವಿದ್ವಾಂಸರ ತನಿ ಬಂದಾಗಲೆಲ್ಲ ನಟ್ಟನಡುವೆ ಇದ್ದಕ್ಕಿದ್ದಂತೆ ಸಭೆ ಗೊಳ್ಳೆಂದು ನಗುತ್ತಿತ್ತು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ರೇಡಿಯೋ ಮುಂದೆ ಕೂತವರಿಗೆ ಏನು ಕಾಣಬೇಕು? ಮಡಕೆಯ ಸದ್ದು, ನಗು, ಮತ್ತೆ ಮಡಕೆಯ ಸದ್ದು. ಅಷ್ಟರಲ್ಲಿ ವಾರ್ತೆಯ ಹೊತ್ತಾಗಿ ಯಾರೋ ಬಂದು ದೇಶದ ಸುದ್ದಿ ಶುರುಮಾಡಿಬಿಡುತ್ತಿದ್ದರು. ಯಾಕೆ ನಕ್ಕರು ಎಂದು ನಮ್ಮ ವಠಾರದಲ್ಲಿ ಆದ ಚರ್ಚೆ ಅಷ್ಟಿಷ್ಟಲ್ಲ. ಮಡಕೆಯನ್ನು ಮೇಲಕ್ಕೆಸೆದು ತಾಳಕ್ಕೆ ಸರಿಯಾಗಿ ಹಿಡಿಯುತ್ತಾರೆ ಎಂದು ಸರೋಜ. ಎಸೆದರೆ ಜನ ಹೆದರಬೇಕು, ನಗುವುದೇಕೆ ಎಂದು ಎದುರು ಮನೆಯ ಪದ್ಮಮ್ಮ. ಬಾರಿಸುವ ಭರದಲ್ಲಿ ಅವರ ಜುಟ್ಟು ಬಿಚ್ಚಿಕೊಳ್ಳುತ್ತದೆ ಎಂಬುದು ಆಕೆಯ ತೀರ್ಮಾನ. ನಾನು ಪಂಚೆಯ ಕಡೆಯಿಂದ ಏನೋ ಒಂದು ಊಹೆ ಮಾಡಿದೆ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು, ನಾನು ಪೇಪರ್ ಎತ್ತಿಕೊಂಡೆ.

ಸರೋಜಳಿಗಂತೂ ಅದೊಂದು ಕೊರಗೇ ಆಗಿಹೋಗಿತ್ತು. ರೇಷ್ಮೆ ಸೀರೆ ಕೇಳಲಿಲ್ಲ, ಊಟಿ ಕೇಳಲಿಲ್ಲ. ಆ ನಗು ಬರುವ ಹೊತ್ತಿಗೆ ಅವರ ಎದುರು ಕೂತಿರಬೇಕು ಅಂತಷ್ಟೇ ಕೇಳಿದಳು. ನಾನು ಧಾರಾಳವಾಗಿ ಮಾತು ಕೊಟ್ಟೆ. ಒಂದು ವರ್ಷ ಅವರು ಮಲ್ಲೇಶ್ವರಕ್ಕೆ ಬಂದರು. ಅವತ್ತೇ ನಮ್ಮ ಸೋದರತ್ತೆ ಹಾಸಿಗೆ ಸುರುಳಿ ಸಮೇತ ನಮ್ಮ ಮನೆಗೆ ಬಂದರು. ಇನ್ನೊಂದು ವರ್ಷ ಬಸವನಗುಡಿಗೆ ಬಂದರು. ಹೊರಟೂ ಹೊರಟೆವು, ನನ್ನ ಸ್ಕೂಟರ್ ಉಮಾ ಟಾಕೀಸು ದಾಟಲು ಒಪ್ಪಲಿಲ್ಲ. ತಳ್ಳಿಕೊಂಡು ವಾಪಸ್ ಬರುವಾಗ ಸರೋಜ ಸ್ಕೂಟರಿನ ಹಿಂದಿನ ತಗಡಿನ ಮೇಲೆ ಬೆರಳಾಡಿಸುತ್ತಾ ಬಂದಳು. ಅವಳು ಜಗಳವಾಡಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು.

ಇಷ್ಟರ ನಡುವೆ ಸಂಗೀತಕ್ಕೂ ನನಗೂ ಇರುವ ಸಂಬಂಧವನ್ನೂ ಹೇಳಿಬಿಡುತ್ತೇನೆ. ನಮ್ಮ ತಂದೆಯವರು ರಾಮನವಮಿ ಬಂತೆಂದರೆ ನನ್ನನ್ನು ಕಚೇರಿಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ರಾಗ ಗುರುತಿಸುವುದನ್ನು ಅವರು ಕಲಿಸಲಿಲ್ಲ, ಅವರಿಗೂ ಬರುತ್ತಿರಲಿಲ್ಲ. ಕಲಿಸಿದ್ದು ಒಂದೇ: ತನಿ ಶುರುವಾದ ತಕ್ಷಣ ಏಳಬೇಕು. ನಮ್ಮೂರಿನ ಕಚೇರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಮೃದಂಗದವರು ತೋಳು ಮೇಲಕ್ಕೆ ಸರಿಸಿದರೆಂದರೆ ಅರ್ಧ ಚಪ್ಪರ ಎದ್ದು ಹಿಂದಿನ ಕ್ಯಾಂಟೀನಿಗೆ ನಡೆಯುತ್ತದೆ. ಒಂದು ಗಳಿಗೆ ತಡವಾದರೂ ಬಿಸಿ ಬೋಂಡಾ ಮುಗಿದು ತಣ್ಣಗಿನ ಉಪ್ಪಿಟ್ಟು ಉಳಿದಿರುತ್ತದೆ. ಇಷ್ಟು ವರ್ಷಗಳ ಅಭ್ಯಾಸದಿಂದ ನನ್ನ ಕಾಲಿಗೆ ಎಂಥ ಸಂಸ್ಕಾರ ಬಂದಿತ್ತೆಂದರೆ ಮನೆಯ ರೇಡಿಯೋದಲ್ಲಿ ತನಿ ಬಂದರೂ ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ಕೊನೆಗೂ ಒಂದು ರಾಮನವಮಿಗೆ ವಿದ್ವಾಂಸರು ನಮ್ಮ ಚಾಮರಾಜಪೇಟೆಗೇ ಬಂದರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನೆಂಟರು ಬಂದರೂ ಬಾಗಿಲು ತೆಗೆಯುವುದಿಲ್ಲವೆಂದು ಸರೋಜ ಮೊದಲೇ ಘೋಷಿಸಿದ್ದಳು. ಮಧ್ಯಾಹ್ನವೇ ಹೋಗಿ ಮುಂದಿನ ಸಾಲಿನ ಕುರ್ಚಿಗಳ ಮೇಲೆ ನನ್ನ ಟವೆಲ್ಲು ಹಾಸಿ ಬಂದಳು. ಸಂಜೆ ವಿದ್ವಾಂಸರು ವೇದಿಕೆ ಹತ್ತಿದರು. ಸಣ್ಣ ಆಳು, ಕಿವಿಯಲ್ಲಿ ಒಂಟಿ, ಮಗುವನ್ನು ಎತ್ತಿಕೊಂಡ ಹಾಗೆ ಮಡಕೆಯನ್ನು ಎತ್ತಿಕೊಂಡಿದ್ದರು. ಪದ್ಮಮ್ಮ ಹೇಳಿದ ಜುಟ್ಟಿಗೆ ತಲೆಯಲ್ಲಿ ಕೂದಲೇ ಇರಲಿಲ್ಲ. ಸರೋಜ ನನ್ನ ಕೈ ಹಿಡಿದುಕೊಂಡಳು. ನಾಲ್ಕು ಜನರೆದುರು ನನ್ನ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅವತ್ತೇ, ಅದೂ ಇನ್ನೊಬ್ಬರನ್ನು ನೋಡಿ. ಪರವಾಗಿಲ್ಲ, ನನಗೆ ಖುಷಿಯೇ ಆಯಿತು.

ಹಾಡು ಆಯಿತು, ದೊಡ್ಡ ಕೀರ್ತನೆ ಆಯಿತು. ಮೃದಂಗದವರು ತೋಳು ಸರಿಸಿದರು. ನನ್ನ ಕಾಲು ಎದ್ದಿತು. ಸರೋಜ ನನ್ನ ಜುಬ್ಬದ ತುದಿ ಹಿಡಿದು ಎಳೆದಳು.

“ರೀ, ಇವತ್ತೊಂದಿನ ಕೂತ್ಕೊಳ್ರಿ. ಆ ನಗು ಬರೋ ಹೊತ್ತು.”

“ನೀನು ನೋಡಿ ಹೇಳು. ನಿಂಗೂ ಬಿಸೀದು ಎರಡು ತರ್ತೀನಿ,” ಎಂದು ಬಿಡಿಸಿಕೊಂಡು ಹೊರಟೆ.

ಆದರೆ ಅವತ್ತು ಊರಿಗೆ ಊರೇ ಘಟ ನೋಡಲೆಂದು ಬಂದಿತ್ತು. ನಡುವಿನ ದಾರಿಗೆ ಬಂದು ನೋಡುತ್ತೇನೆ, ಎದ್ದವನು ನಾನೊಬ್ಬನೇ. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರೇನೋ. ನನಗೆ ಕ್ಯಾಂಟೀನಿನಲ್ಲಿ ಕ್ಯೂ ಇರುವುದಿಲ್ಲ ಎಂದು ಹಿಗ್ಗಾಯಿತು. ಮೃದಂಗ ನಿಂತು ಘಟ ಶುರುವಾಗಿತ್ತು. ವೇದಿಕೆಗೆ ಬೆನ್ನು ಹಾಕಿ ನಡೆಯುತ್ತಿದ್ದ ನನಗೆ ಅವತ್ತೇನೋ ಒಂದು ವಿಶೇಷ ಅನುಭವ. ನನ್ನ ಎಡಗಾಲು ಕೊಂಚ ಹೊರಕ್ಕೆ ತಿರುಗಿದೆ. ನಡೆದರೆ ಒಂದು ಹೆಜ್ಜೆ ಜೋರಾಗಿ, ಇನ್ನೊಂದು ಮೆಲ್ಲಗೆ ಬೀಳುತ್ತದೆ. ಅಂಥ ನನ್ನ ನಡಿಗೆ ಅವತ್ತು ಕರಾರುವಾಕ್ಕಾಗಿ ತಾಳಕ್ಕೆ ಬೀಳುತ್ತಿತ್ತು. ಧಪ್ ತಕ, ಧಪ್ ತಕ. ಇಷ್ಟು ವರ್ಷ ಬೋಂಡಾ ತಿಂದದ್ದು ವ್ಯರ್ಥವಾಗಲಿಲ್ಲ, ಸಂಗೀತ ಕೊನೆಗೂ ನನ್ನ ಕಾಲಿಗಿಳಿಯಿತು ಎಂದು ರೋಮಾಂಚನವಾಯಿತು. ಕೊಂಚ ಠೀವಿಯಿಂದಲೇ ಹೆಜ್ಜೆ ಹಾಕಿದೆ. ಧಪ್ ತಕ, ಧಪ್ ತಕಿಟ.

ಆಗ ನಗು ಬಂತು. ರೇಡಿಯೋದಲ್ಲಿ ಕೇಳುತ್ತಿದ್ದೆವಲ್ಲ, ಅದೇ ನಗು, ಚಪ್ಪರ ಹಾರಿಹೋಗುವಷ್ಟು. ಅಯ್ಯೋ, ತಪ್ಪಿಸಿಕೊಂಡೆನಲ್ಲ ಎಂದು ಗಕ್ಕನೆ ನಿಂತು ತಿರುಗಿದೆ. ಘಟವೂ ನಿಂತಿತು. ವಿದ್ವಾಂಸರು ಏನೂ ಅರಿಯದವರ ಹಾಗೆ ಚಪ್ಪರದ ಮಾವಿನ ತೋರಣ ನೋಡುತ್ತಿದ್ದರು. ಜನರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ನನ್ನ ಹಿಂದೆ ಯಾವನೋ ಏನೋ ಮಾಡುತ್ತಿದ್ದಾನೆ ಎಂದುಕೊಂಡು ನಾನೂ ಹಿಂದೆ ತಿರುಗಿ ನೋಡಿದೆ. ನಗು ಇನ್ನೂ ಜೋರಾಯಿತು. ಸರಿ, ಹೇಗೂ ಸರೋಜ ಹೇಳುತ್ತಾಳೆ ಎಂದು ಬೇಗ ಬೇಗ ಹೊರಕ್ಕೆ ನಡೆದೆ. ಘಟವೂ ಬೇಗ ಬೇಗ ನುಡಿಯಿತು.

ಬೋಂಡಾ ಪೊಟ್ಟಣ ಹಿಡಿದು ವಾಪಸ್ ಬಂದಾಗ ತನಿ ಮುಗಿದು ಹಾಡುವವರು ಚಿಕ್ಕ ಚಿಕ್ಕ ಹಾಡುಗಳಿಗೆ ಬಂದಿದ್ದರು. ದಾರಿಯುದ್ದಕ್ಕೂ ಜನ ನನ್ನನ್ನು ನೋಡಿ ಮುಗುಳ್ನಕ್ಕರು, ಕಾಲು ಮಡಿಸಿಕೊಂಡು ಜಾಗ ಬಿಟ್ಟರು. ಜರಿಪೇಟದ ಹಿರಿಯರೊಬ್ಬರು ನನ್ನ ಕೈ ಹಿಡಿದು ಬಹಳ ಚೆನ್ನಾಗಿತ್ತು ಎಂದರು. ಅವರು ಹೇಳುತ್ತಿರುವುದು ಬೋಂಡಾದ ವಿಷಯವೆಂದುಕೊಂಡು ಅವರಿಗೊಂದು ಕೊಟ್ಟೆ. ಸರೋಜ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು, ಕಣ್ಣಲ್ಲಿ ನೀರು ಹರಿಯುತ್ತಿತ್ತು. ಏನಾಯಿತು ಎಂದು ಕೇಳಿದರೆ ನನ್ನ ಕಾಲು ನೋಡಿ ಮತ್ತೆ ನಕ್ಕಳು. ಮಂಗಳ ಮುಗಿದು ಬೀದಿಗೆ ಬಂದ ಮೇಲೆಯೇ ಅವಳಿಗೆ ಮಾತು ಬಂದದ್ದು.

“ಮಡಕೆ ಎಸೆಯೋದೂ ಇಲ್ಲ, ಏನೂ ಇಲ್ಲ ರೀ. ಬೋಂಡಾಕ್ಕೆ ಎದ್ದು ಹೋಗ್ತಾರಲ್ಲ, ಅವ್ರ ಹೆಜ್ಜೆ ನೋಡ್ಕೊಂಡು ಬಾರಿಸ್ತಾರೆ. ಇವತ್ತು ಎದ್ದಿದ್ದು ನೀವೊಬ್ರೇ.”

ನನಗೆ ಮೈಯೆಲ್ಲ ಬಿಸಿಯಾಯಿತು. ನಾಲ್ಕು ಹೆಜ್ಜೆ ಸಿಟ್ಟಿನಿಂದ ನಡೆದೆ. ಆ ಹೆಜ್ಜೆಗಳೂ ಧಪ್ ತಕ ಎಂದೇ ಬಿದ್ದವು, ಅವಳು ದೀಪದ ಕಂಬ ಹಿಡಿದುಕೊಂಡು ನಕ್ಕಳು. ಆ ನಗುವನ್ನು ನೋಡಿದ ಮೇಲೆ ಸಿಟ್ಟು ಎಲ್ಲಿ ಉಳಿಯಬೇಕು? ಇವಳು ಇಷ್ಟು ಸಂತೋಷವಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸೋದರತ್ತೆ, ಸ್ಕೂಟರ್ ಎಲ್ಲದಕ್ಕೂ ಸೇರಿಸಿ ನನ್ನ ಕಾಲು ಅವತ್ತು ಪ್ರಾಯಶ್ಚಿತ್ತ ಮಾಡಿತ್ತು. ನಾನೂ ನಕ್ಕೆ. ಇಬ್ಬರೂ ಬೀದಿಯಲ್ಲಿ ನಿಂತು ಆರಿದ ಬೋಂಡಾ ತಿಂದೆವು. ಆದರೆ ಒಂದು ಮಾತು ಮನಸ್ಸಿನಲ್ಲಿ ಕುಟುಕುತ್ತಲೇ ಇತ್ತು. ಚಪ್ಪರದಲ್ಲಿದ್ದವರೆಲ್ಲ ನೋಡಿದ್ದನ್ನು ನೋಡದೆ ಹೋದವನು ನಾನೊಬ್ಬನೇ, ನಾನಿಲ್ಲದಿದ್ದರೆ ಅದು ನಡೆಯುತ್ತಲೇ ಇರಲಿಲ್ಲ.

ಕೆಲವು ವಾರಗಳ ನಂತರ ಆ ಕಚೇರಿ ರೇಡಿಯೋದಲ್ಲಿ ಬರುತ್ತದೆಂದು ತಿಳಿಯಿತು. ಸರೋಜ ತವರಿಗೆ ಮೊದಲೇ ಹೇಳಿ ಕಳಿಸಿದ್ದಳು. ಅವತ್ತು ನಾವು ಹೋಗುವಷ್ಟರಲ್ಲಿ ತರಗುಪೇಟೆಯ ಅಂಗಡಿಯಲ್ಲಿ ಮಾವನವರು ತಕ್ಕಡಿ ಪಕ್ಕಕ್ಕಿಟ್ಟು ರೇಡಿಯೋವನ್ನು ಗಲ್ಲಾಪೆಟ್ಟಿಗೆಯ ಮೇಲೆ ಕೂರಿಸಿದ್ದರು. ಅತ್ತೆ, ನಾದಿನಿಯರು, ಅಕ್ಕಪಕ್ಕದ ಅಂಗಡಿಯವರು ಎಲ್ಲ ಮೂಟೆಗಳ ಮೇಲೆ ಜಮಾಯಿಸಿದ್ದರು. ನಮ್ಮ ವಠಾರದಿಂದ ಪದ್ಮಮ್ಮ ಕೂಡ ಬಂದಿದ್ದರು. ತನಿ ಶುರುವಾಯಿತು. ಬೇಗ ವಾರ್ತೆ ಬಂದುಬಿಡಲಪ್ಪಾ ಎಂದು ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ. ಅವತ್ತು ಮಾತ್ರ ದೇಶಕ್ಕೆ ಯಾವ ಅವಸರವೂ ಇರಲಿಲ್ಲ. ಧಪ್ ತಕ, ಧಪ್ ತಕ. ಅಷ್ಟರಲ್ಲಿ ಕಡಲೆಬೇಳೆ ಕೇಳಿಕೊಂಡು ಗಿರಾಕಿಯೊಬ್ಬರು ಒಳಗೆ ಬಂದರು. ಮಾವನವರು ಹೆಮ್ಮೆಯಿಂದ ಕೈಯೆತ್ತಿ ಅವರನ್ನು ತಡೆದರು.

“ಸ್ವಲ್ಪ ಇರಿ ಸ್ವಾಮಿ. ನಮ್ಮ ಅಳಿಯಂದ್ರು ನಡೀತಿದಾರೆ.”

ಅಂಗಡಿಗೆ ಅಂಗಡಿಯೇ ನಕ್ಕಿತು, ರೇಡಿಯೋ ಕೂಡ ನಕ್ಕಿತು. ಎದ್ದು ಎಲ್ಲಾದರೂ ಹೊರಗೆ ಹೋಗಿ ನಿಲ್ಲೋಣ ಅನ್ನಿಸಿತು. ಆದರೆ ಎದ್ದರೆ ನಡೆಯಬೇಕಲ್ಲ. ಸರೋಜ ಆಗಲೇ ಖಾಲಿ ಡಬ್ಬವೊಂದನ್ನು ಮಡಿಲಿಗೆ ಎಳೆದುಕೊಂಡು, ನನ್ನ ಕಾಲನ್ನೇ ನೋಡುತ್ತಾ ಕೂತಿದ್ದಳು.