ಅಳತೆ ಪುಸ್ತಕದ ಷರಾ

ಹೆಂಡತಿ ಸೂಪರ್ ಮಾರ್ಕೆಟ್ಟಿನ ಸದಸ್ಯತ್ವದ ಕಾರ್ಡಿಗಾಗಿ ಹುಟ್ಟಿದ ದಿನ, ಮೊಬೈಲ್ ನಂಬರು, ಮನೆಯಲ್ಲಿ ಎಷ್ಟು ಜನ ಎಂಬುದನ್ನೆಲ್ಲ ಬರೆದುಕೊಟ್ಟು, ಉಡುಗೊರೆಯಾಗಿ ಒಂದು ಪ್ಲಾಸ್ಟಿಕ್ ಬಕೆಟ್ ತಂದ ದಿನದಿಂದ ದರ್ಜಿಗೆ ನೆಮ್ಮದಿಯಿರಲಿಲ್ಲ. ಬಕೆಟ್ಟೇನೋ ಚೆನ್ನಾಗಿತ್ತು. ಅದರಲ್ಲೇ ಬಿಸಿನೀರು ತುಂಬಿಕೊಂಡು ಸ್ನಾನ ಮುಗಿಸಿ ಬಂದು ಅವನು ಭಾಷಣ ಶುರು ಮಾಡುತ್ತಿದ್ದ.

“ಒಂದು ಬಕೆಟ್ಟಿಗೆ ಮನೆ ಮಾನ ಕೊಟ್ಟು ಬಂದ್ಯಲ್ಲೇ. ನಾವೆಷ್ಟು ಎಣ್ಣೆ ತಿಂತೀವಿ, ಎಷ್ಟು ಸೋಪು ತೇಯ್ತೀವಿ, ಎಲ್ಲ ಆ ಕಂಪನಿಗೆ ಗೊತ್ತು ಈಗ.”

“ಗೊತ್ತಾದ್ರೇನು? ನೀವೇನು ಸೋಪು ಕದ್ದು ತೇಯ್ತೀರಾ?”

“ಇವತ್ತು ಸೋಪು. ನಾಳೆ ನಿನ್ನ ವಯಸ್ಸು.”

“ವಯಸ್ಸು ನಾಲ್ಕು ವರ್ಷ ಕಮ್ಮಿ ಬರ್ದಿದ್ದೀನಿ. ಅಷ್ಟು ಬುದ್ಧಿ ನನಗೂ ಇದೆ.”

ಅಂಗಡಿಗೆ ಬಂದ ಗಿರಾಕಿಗಳಿಗೂ ಈ ಉಪದೇಶ ಪುಕ್ಕಟೆ ಸಿಗುತ್ತಿತ್ತು. ಕೊರಳಿಗೆ ಟೇಪು ಸುತ್ತಿರುವಾಗ ಯಾರು ತಾನೇ ಎದುರು ಮಾತಾಡುತ್ತಾರೆ? ಎಲ್ಲರೂ ಹೂಂಗುಟ್ಟಿ ಹೋಗುತ್ತಿದ್ದರು.

ಇಂಥ ಗುಟ್ಟಿನ ರಕ್ಷಕನ ಬಳಿ ಒಂದು ಅಳತೆ ಪುಸ್ತಕವಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಅವನು ಬಟ್ಟೆ ಹೊಲಿದುಕೊಟ್ಟ ಮುನ್ನೂರು ಚಿಲ್ಲರೆ ಜನರ ಎದೆ, ಸೊಂಟ, ತೋಳು, ಫೋನ್ ನಂಬರು ಎಲ್ಲ ಅದರಲ್ಲಿದ್ದವು. ಪಕ್ಕದಲ್ಲಿ ‘ಷರಾ’ ಎಂಬ ಒಂದು ಘನವಾದ ಕಾಲಂ. ಗಣಿತದ ಮೇಷ್ಟ್ರ ಮುಂದೆ, ‘ಪ್ಯಾಂಟಿನ ಹಿಂಭಾಗ ಸವೆಯುತ್ತದೆ, ಪಾಠವನ್ನೂ ಕೂತೇ ಮಾಡುತ್ತಾರೆಂದು ಕಾಣುತ್ತದೆ, ಎರಡು ಪದರ ಹಾಕು.’ ಹಲ್ಲಿನ ಡಾಕ್ಟರ ಮುಂದೆ, ‘ಎದೆ ಸಾಲದು, ಹತ್ತಿ ತುಂಬು, ಯಾರಿಗೂ ತಿಳಿಯಬಾರದು.’ (ತಪ್ಪು ತಿಳಿಯಬೇಡಿ, ಇದು ಕುಹಕವಲ್ಲ. ಆ ಷರಾ ಇದ್ದುದರಿಂದಲೇ ಡಾಕ್ಟರು ಕೋಟು ತೊಟ್ಟರೆ ಪೈಲ್ವಾನರಂತೆ ಕಾಣುತ್ತಿದ್ದರು.)

ಹೆಂಡತಿಗೂ ಅದರಲ್ಲೊಂದು ಪುಟವಿತ್ತು, ಫೋನ್ ನಂಬರಿನ ಸಮೇತ. ಮದುವೆಯಾದಾಗ ಅವಳ ಸೊಂಟ ಮೂವತ್ನಾಲ್ಕು ಇಂಚು. ಅಂದಿನಿಂದ ಇಂದಿನವರೆಗೂ ಪ್ರತಿ ಸಲ ಟೇಪು ಹಿಡಿದು “ಮೂವತ್ನಾಲ್ಕು” ಎಂದೇ ಅವನು ಕೂಗಿ ಹೇಳುತ್ತಿದ್ದ. ನಿಜವಾದ ಅಂಕಿಯನ್ನು ಪುಸ್ತಕದಲ್ಲಿ ಬರೆದು ಆ ಲೆಕ್ಕಕ್ಕೇ ಬಟ್ಟೆ ಕತ್ತರಿಸುತ್ತಿದ್ದ. ಅವಳು ಬೀದಿಯ ಹೆಂಗಸರ ಮುಂದೆಲ್ಲ ತನ್ನ ಮೂವತ್ನಾಲ್ಕನ್ನು ಹೇಳಿಕೊಂಡು ಬೀಗುತ್ತಿದ್ದಳು.

ಹೀಗಿರುವಾಗ ಸಿದ್ಧ ಉಡುಪಿನ ಕಂಪನಿಯೊಂದರ ಪ್ರತಿನಿಧಿ ಅಂಗಡಿಗೆ ಬಂದ. ಅಳತೆ ಪುಸ್ತಕದ ಫೋಟೊ ತೆಗೆದುಕೊಳ್ಳಲು ಬಿಟ್ಟರೆ ಕಾಜಾ ಹೊಲಿಯುವ ಹೊಸ ಯಂತ್ರ ಕೊಡುವುದಾಗಿ ಹೇಳಿದ. ಅಂಗಿಯ ಗುಂಡಿಗೆ ಬೇಕಾದ ಈ ಕಾಜಾಗಳನ್ನು ಇಷ್ಟು ವರ್ಷವೂ ಹೆಂಡತಿಯೇ ಕೈಯಲ್ಲಿ ಹೊಲಿದು ಕಣ್ಣು ಮಂಜು ಮಾಡಿಕೊಂಡಿದ್ದಳು. ದರ್ಜಿ ಯೋಚಿಸಿದ. ಎಣ್ಣೆ, ಸೋಪು ಎಂದರೆ ಮನೆಯ ಗುಟ್ಟು. ಇವು ಬರೀ ಇಂಚುಗಳು. ಇಂಚಿಗೆಂಥ ಮಾನ? ಅರ್ಧ ಗಂಟೆಯಲ್ಲಿ ಪ್ರತಿನಿಧಿ ಪುಟಪುಟವನ್ನೂ ಮೊಬೈಲಿಗೆ ತುಂಬಿಕೊಂಡು ಹೋದ.

“ಎಲ್ಲಿಂದ ಬಂತು ಇದು?” ಎಂದು ಯಂತ್ರ ಒರೆಸುತ್ತ ಹೆಂಡತಿ ಕೇಳಿದಳು.

“ಹಳೇ ಗಿರಾಕಿಯೊಬ್ಬರು ಸುಮ್ನೆ ಕೊಟ್ರು.”

ತಿಂಗಳು ತುಂಬುವ ಮೊದಲೇ ಊರಿನ ಫೋನುಗಳು ಕಿಣಿಕಿಣಿ ಎಂದವು. ಕಂಪನಿಯ ಕಂಪ್ಯೂಟರಿಗೆ ಹೆಸರೆಲ್ಲಿ ಮುಗಿಯಿತು, ಷರಾ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲವೋ ಏನೋ. ‘ಎದೆ ಸಾಲದು ಹತ್ತಿ ತುಂಬು ಯಾರಿಗೂ ತಿಳಿಯಬಾರದು ಅವರೇ, ನಿಮಗಾಗಿಯೇ ತಯಾರಾದ ಕೋಟುಗಳು ಇಲ್ಲಿವೆ’ ಎಂಬ ಸಂದೇಶವನ್ನು ಡಾಕ್ಟರ ಫೋನಿನಲ್ಲಿ ಮೊದಲು ಓದಿದವಳು ಅವರ ಹೆಂಡತಿ.

ದರ್ಜಿಯ ಹೆಂಡತಿ ಆಗ ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ನಿಂತಿದ್ದಳು. ಕನ್ನಡಕ ಮರೆತು ಬಂದಿದ್ದರಿಂದ ಪಕ್ಕದ ಮನೆಯ ನರ್ಸಮ್ಮನ ಕೈಗೆ ಫೋನು ಕೊಟ್ಟು, “ಏನು ಬಂದಿದೆ ನೋಡಿ” ಎಂದಳು. ವಾರ್ಡಿನಲ್ಲಿ ರೋಗಿಗಳನ್ನು ಕೂಗಿ ಕೂಗಿ ಪಳಗಿದ ಗಂಟಲು ಅದು. “ಹೆಂಡತಿ, ನಲವತ್ತೊಂದು, ಬಾಯಲ್ಲಿ ಮೂವತ್ನಾಲ್ಕು ಎಂದೇ ಹೇಳು ಅವರೇ...” ಎಂದು ಓದಿದ ನರ್ಸಮ್ಮ ಮುಂದೆ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ.

ಹೆಂಡತಿ ಅಂಗಡಿಗೆ ಬಂದಾಗ ಮೇಷ್ಟ್ರೂ ಡಾಕ್ಟರೂ ಆಗಲೇ ಬಂದು ದರ್ಜಿಯ ನೀರಿಳಿಸುತ್ತಿದ್ದರು. ಅವಳ ಮುಖ ಕಂಡದ್ದೇ ಉಳಿದವರ ಬೈಗುಳ ದರ್ಜಿಯ ಕಿವಿಗೆ ಬೀಳುವುದೇ ನಿಂತುಹೋಯಿತು.

“ನನ್ನ ಸೊಂಟ ನನಗೆ ಗೊತ್ತಿಲ್ವಾ?” ಎಂದಳು ಅವಳು, ಮೆಲ್ಲಗೆ. “ನೀವು ಮೂವತ್ನಾಲ್ಕು ಅಂದಾಗೆಲ್ಲ, ಇವರಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡು ಸುಮ್ಮನಿರ್ತಿದ್ದೆ. ನಮ್ಮಿಬ್ಬರ ನಡುವಿನ ಸುಳ್ಳು ಅದು. ತಗೊಂಡು ಹೋಗಿ ಯಾರಿಗೋ ಕೊಟ್ರಲ್ಲ.”

“ಕಾಜಾ ಯಂತ್ರ ಬರತ್ತೆ ಅಂತ... ನಿನ್ನ ಕಣ್ಣಿಗೆ...”

“ಕೇಳಿದ್ರೆ ನಾನೇ ಕೊಡಿ ಅಂತಿದ್ದೆನೋ ಏನೋ. ಕೇಳಿದ್ರಾ?”

ಕೇಳಿರಲಿಲ್ಲ. ಅವಳನ್ನೂ ಕೇಳಿರಲಿಲ್ಲ, ನಂಬಿ ತೋಳೆತ್ತಿ ನಿಂತ ಮುನ್ನೂರು ಜನರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಬಕೆಟ್ಟಿಗೆ ಅವಳು ಕೊಟ್ಟದ್ದು ತನ್ನದನ್ನು. ತಾನು ಕೊಟ್ಟದ್ದು ಊರವರದನ್ನು. ದರ್ಜಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

“ನಮ್ಮದೆಲ್ಲ ಹರಾಜಾಯ್ತು. ಈ ಮಹಾನುಭಾವರದ್ದು ಮಾತ್ರ ಪುಸ್ತಕದಲ್ಲಿಲ್ಲ,” ಎಂದರು ಮೇಷ್ಟ್ರು. “ಅಳೀರಿ ಇವರನ್ನ. ಬಾಗಿಲಿಗೆ ಬರ್ದು ಅಂಟಿಸೋಣ.”

ಡಾಕ್ಟರು ಪೆನ್ಸಿಲು ತೆಗೆದರು. ಹೆಂಡತಿ ಗಂಡನ ಕೊರಳಿನ ಟೇಪು ಎಳೆದುಕೊಂಡು ಅವನ ಹೊಟ್ಟೆಗೆ ಸುತ್ತಿದಳು. ಅವನಿಗೇ ತಿಳಿಯದಂತೆ ಹೊಟ್ಟೆ ಒಳಕ್ಕೆ ಹೋಯಿತು.

“ಉಸಿರು ಬಿಡಿ,” ಎಂದಳು.

ಅವನು ತಡೆಯುವಷ್ಟು ಹೊತ್ತು ತಡೆದ. ಮೂವರೂ ಕಾದರು. ಕೊನೆಗೆ ಬಿಟ್ಟ. ಟೇಪು ಅವಳ ಬೆರಳ ಸಂದಿಯಿಂದ ಜಾರಿತು, ಇನ್ನೂ ಜಾರಿತು, ಆಮೇಲೆ ನಿಂತಿತು.

“ಎಷ್ಟಮ್ಮ?” ಎಂದರು ಡಾಕ್ಟರು.

ಅವಳು ಅಂಕಿ ನೋಡಿದಳು. ಗಂಡನ ಮುಖ ನೋಡಿದಳು.

“ಅದು ನಮ್ಮನೆ ವಿಷಯ ಡಾಕ್ಟ್ರೇ. ಹೊರಗೆ ಹೇಳೋದಲ್ಲ,” ಎಂದು ಟೇಪು ಸುತ್ತಿ ಮೇಜಿನ ಮೇಲಿಟ್ಟು ಹೊರಟುಹೋದಳು.

ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನಾಚಿಕೆಯಿಂದ ತಲೆ ತಗ್ಗಿಸಿ ನಿಂತವನಿಗೆ, ಬಿಟ್ಟ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಕೆಂಬುದೂ ನೆನಪಾಗಲಿಲ್ಲ.