ಇಲಿಗೆ ತಂದ ಅಣಬೆ

ಕಿನ್ನಾಳದ ಕಾಳಪ್ಪನಿಗೆ ಅಣಬೆ ಎಂದರೆ ಪ್ರಾಣ, ಹಂಚಿಕೊಳ್ಳುವುದೆಂದರೆ ಪ್ರಾಣಸಂಕಟ. ನಿಜಾಮರ ಕಾಲದ ಆ ಓಣಿಯಲ್ಲಿ ಒಂದು ಕಟ್ಟುಪಾಡಿತ್ತು: ಮೊದಲ ಮಳೆಯ ಅಣಬೆ ಯಾರಿಗೇ ಸಿಗಲಿ, ಮನೆಮನೆಗೂ ಪಾಲು ಕೊಟ್ಟೇ ಒಲೆ ಹಚ್ಚಬೇಕು.

ಆ ವರ್ಷದ ಮೊದಲ ಮಳೆಗೆ ಗುಡ್ಡದ ಕುರುಚಲು ಕಾಡಿನಲ್ಲಿ, ಗೊಂಬೆ ಮಾಡುವವರು ಹುಳುಕೆಂದು ಬಿಟ್ಟುಹೋಗಿದ್ದ ದಿಮ್ಮಿ ಕೊಳೆತು ಮೈತುಂಬ ಅಣಬೆ ಎದ್ದಿತ್ತು. ತಿನ್ನುವಂಥವು, ವಿಷದವು ಎರಡೂ ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ದಂಟಿನ ಸುತ್ತ ಬಳೆಯಂಥ ಪಟ್ಟಿಯಿದ್ದರೆ ವಿಷದ್ದು ಎಂದು ಅವನವ್ವ ಕಲಿಸಿದ್ದಳು. ಕಾಳಪ್ಪ ಒಂದೊಂದನ್ನೂ ತಿರುಗಿಸಿ ನೋಡಿ, ಬಳೆಯಿಲ್ಲದವನ್ನಷ್ಟೇ ಹೆಗಲ ಮೇಲಿನ ವಲ್ಲಿಯಲ್ಲಿ ಕಟ್ಟಿಕೊಂಡ.

ಓಣಿಯ ಬಾಯಲ್ಲೇ ಪಕ್ಕದ ಮನೆಯ ದುರಗಮ್ಮ ಎದುರಾಗಬೇಕೇ! ಗಂಟಿಗೆ ಕೈಹಾಕಿ ಒಂದು ಅಣಬೆ ಎತ್ತಿ, ಹಿಂದೆ ಮುಂದೆ ತಿರುಗಿಸಿದಳು.

"ಮುಟ್ಟಬ್ಯಾಡ ಬೇ ದೊಡ್ಡವ್ವ! ವಿಷದ್ದು. ಇಲಿಗೆ ಹಾಕಾಕ ತಂದೀನಿ."

"ಹೌದಾ? ಪಾಪ, ಇಲಿ!" ಎಂದು ಅವಳು ಸುಮ್ಮನೆ ಹೊರಟುಹೋದಳು.

ಹೆಂಡತಿ ತವರಿಗೆ ಹೋಗಿದ್ದಳು. ಕಾಳಪ್ಪ ಕದ ಮುಚ್ಚಿಕೊಂಡು, ಬಳ್ಳೊಳ್ಳಿ ಖಾರ ಜಜ್ಜಿ ಹಾಕಿ ಗಡಿಗೆ ತುಂಬ ಪಲ್ಯ ಮಾಡಿದ. ರೊಟ್ಟಿ ಮುರಿದು ಒಂದು ತುತ್ತು ನುಂಗಿದ್ದನಷ್ಟೆ, ಕದ ದಬ್ಬಿಕೊಂಡು ದುರಗಮ್ಮ ಒಳಗೆ ಬಂದಳು.

"ಯಪ್ಪಾ, ಬರ್ರೋ! ಕಾಳ್ಯಾ ಇಲಿ ವಿಷ ತಿಂದಾನ!"

ಓಣಿಗೆ ಓಣಿಯೇ ನುಗ್ಗಿತು. ಎದುರುಮನೆಯ ಮಕ್ಬುಲಸಾಬ ಅವನನ್ನು ಕೆಡವಿ ಎದೆಯ ಮೇಲೆ ಕೂತ. ದುರಗಮ್ಮ ವಾಂತಿ ಮಾಡಿಸಲು ಅಂಟವಾಳದ ನೀರು ಕಲಸಿ ತಂದಳು. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಊಟ ಹೋಗುತ್ತದೆ. ಒಂದು ಚರಿಗೆ ಕುಡಿಯುವಷ್ಟರಲ್ಲಿ ಕಾಳಪ್ಪನಿಗೆ ಮಾನ ಸಾಕಾಗಿತ್ತು.

"ಬಿಡ್ರೋ! ಇವು ಛಲೋ ಅಣಬಿ ಅದಾವು! ಸುಳ್ಳ ಹೇಳೀನ್ರೋ!"

"ಯಾ ಅಲ್ಲಾ, ವಿಷ ತಲಿಗೆ ಏರೈತಿ. ಬಡಬಡಸಾಕ ಹತ್ಯಾನ," ಎಂದ ಮಕ್ಬುಲಸಾಬ. "ಇನ್ನೊಂದು ಚರಗಿ ತರ್ರಿ!"

ತಿಂದ ತುತ್ತಷ್ಟೇ ಅಲ್ಲ, ನಿನ್ನೆಯ ನುಚ್ಚೂ ಹೊರಗೆ ಬಂತು. "ಇದನ್ನ ದೂರ ಚೆಲ್ಲಿ ಬರ್ತೀನಿ," ಎಂದು ದುರಗಮ್ಮ ಗಡಿಗೆ ಎತ್ತಿಕೊಂಡು ಹೋದಳು.

ಸಂಜೆ ಕಾಳಪ್ಪ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಮನೆಮನೆಯಿಂದಲೂ ಬಳ್ಳೊಳ್ಳಿ ಖಾರದ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ದುರಗಮ್ಮ ಗಂಜಿ ತಂದಿಟ್ಟಳು.

"ದೊಡ್ಡವ್ವ... ನನ್ನ ಪಲ್ಲೆ?"

"ಮನಿಮನಿಗೂ ಕೊಟ್ಟೆ. ದಂಟಿಗೆ ಬಳಿ ಇಲ್ಲ ಅಂತ ನಾ ಆಗಲೇ ನೋಡಿದ್ನಲ್ಲ."

"ಮತ್ತ... ನನ್ನ ಪಾಲು?"

"ನಿನ್ನ ಮಾತು ಹೆಂಗ ಮೀರಲೋ ತಮ್ಮಾ?" ಎಂದಳು ದುರಗಮ್ಮ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. "ಇಲಿಗೆ ಹಾಕೀನಿ."