ಮೊದಲು ಮೀನು, ಆಮೇಲೆ ಹುರಿ

ಬೆಳಗಿನ ಚಹಾ ಮುಗಿಯುವ ಮೊದಲೇ ಶೌಕಿಯ ಪಿತ್ತ ನೆತ್ತಿಗೇರಿತು. ಕಾರಣ ಕಂಪ್ಯೂಟರ್ ಪ್ರೋಗ್ರಾಮಿನೊಳಗಿನ ಒಂದು ಬಡಪಾಯಿ ಫಂಕ್ಷನ್. ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಒಂದೇ ಕೆಲಸ ಮಾಡಿಸುವುದು ಅದರ ಕಸುಬು. ಅದಕ್ಕೆ ಎರಡು ಸಂಗತಿ ತಿಳಿಸಬೇಕು, ಏನು ಕೆಲಸ, ಯಾವ ಪಟ್ಟಿ. ಕಂಪನಿಯ ಹಳೆಯ ಪ್ರೋಗ್ರಾಮಿನಲ್ಲಿ ಕೆಲಸ ಮೊದಲು. ಹದಿನೇಳು ಸಾಲು ಕೆಲಸದ ವಿವರ ಓದಿ ಸುಸ್ತಾದ ಮೇಲೆ, ನಾಯಿಬಾಲಕ್ಕೆ ಕಟ್ಟಿದ ಡಬ್ಬದಂತೆ ಕೊನೆಯಲ್ಲಿ ಪಟ್ಟಿಯ ಹೆಸರು.

"ಯಾವ ಕತ್ತೆ ಬರ್ದಿದ್ದು ಇದನ್ನ? ಯಾತಕ್ಕೆ ಅಂತ್ಲೇ ಗೊತ್ತಿಲ್ದೆ ಹದಿನೇಳು ಸಾಲು ಓದ್ಬೇಕಾ?"

ಮುಖ್ಯಸ್ಥ ಬಹ್ಗತ್ ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಕೆಲಸ ಮೊದ್ಲು ಇದ್ರೇನೇ ಚೆಂದ ಕಣಯ್ಯಾ. ಒಂದ್ಸಲ ಕೆಲಸ ಹೇಳಿಟ್ರೆ, ಆಮೇಲೆ ಯಾವ ಪಟ್ಟಿ ಬಂದ್ರೂ ಜೋಡಿಸ್ಬಹುದು."

"ಜೋಡಿಸೋದು ವರ್ಷಕ್ಕೊಂದ್ಸಲ, ಓದೋದು ದಿನಾ! ಪಟ್ಟಿ ಮೊದ್ಲು ಬರ್ಲೇಬೇಕು. ಬದಲಾಯಿಸ್ದೆ ಬಿಡೋನಲ್ಲ ನಾನು."

ಪಕ್ಕದ ಮೇಜಿನ ಇಂಜಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ನಾನೂರು ಕಡೆ ಬದಲಾಯಿಸ್ಬೇಕು, ಅದೂ ಆಫೀಸು ಖಾಲಿ ಇರೋ ದಿನವೇ. ನಾಳೆ ಶಮ್ ಎನ್ನಸೀಮ್ ಹಬ್ಬದ ರಜೆ. ಯಾರು ಕೂತ್ಕೋತಾರಂತೆ?"

ನಾಳೆ ಇಡೀ ಅಲೆಕ್ಸಾಂಡ್ರಿಯಾ ಉಪ್ಪುಮೀನು, ಈರುಳ್ಳಿ ಕಟ್ಟಿಕೊಂಡು ಹುಲ್ಲಿನ ಮೇಲೆ ಕೂರುವ ದಿನ. ಹೋದ ವರ್ಷ ಶೌಕಿ ಆಫೀಸೆಂದು ತಪ್ಪಿಸಿಕೊಂಡಿದ್ದ. ಈ ಸಲವೂ ಹಾಗಾದರೆ ನೇರ ತವರಿಗೇ ಹೋಗುವುದಾಗಿ ಹೆಂಡತಿ ಎಚ್ಚರಿಸಿದ್ದಳು.

"ಬರೆದ ಮಹಾಶಯನೇ ಕೂತ್ಕೊಳ್ಲಿ!" ಎಂದು ಶೌಕಿ ಗುಡುಗಿದ. ಆ ಮಹಾಶಯ ಬಹ್ಗತ್ ಅವರೇ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಆಗ್ಲಿ, ಇಂಜೀನೇ ಸಾಕ್ಷಿ," ಎಂದರು ಬಹ್ಗತ್.

ಮಧ್ಯಾಹ್ನ ಜಗಳ ಹಾಜಿ ದಸೂಕಿಯ ಮೀನಿನ ಹೋಟೆಲಿಗೂ ಬಂತು. ಅಲ್ಲಿ ಐಸಿನ ಮೇಲಿನ ಮೀನು ಆರಿಸಿ, ತೂಗಿಸಿ, ಆಮೇಲೆ ಹುರಿಯುವುದೋ ಸುಡುವುದೋ ಹೇಳಬೇಕು. ಹಟಕ್ಕೆ ಬಿದ್ದ ಬಹ್ಗತ್ ಬಾಗಿಲಲ್ಲೇ ನಿಂತು, "ಹುರೀರಿ ಹಾಜಿ!" ಎಂದುಬಿಟ್ಟರು.

"ಏನನ್ನ ಹುರೀಲಿ ಇಂಜಿನಿಯರ್ ಸಾಹೇಬ್ರೆ, ನನ್ನ ಮೀಸೇನಾ?"

ಹೋಟೆಲಿಗೆ ಹೋಟೆಲೇ ನಕ್ಕಿತು. ಶೌಕಿ ಕುರ್ಚಿ ಹತ್ತಿ, "ಕೇಳಿದ್ರಾ? ಮೊದ್ಲು ಮೀನು, ಆಮೇಲೆ ಹುರಿ!" ಎಂದು ಕೂಗಿದ. ಊಟಕ್ಕೆ ಕೂತಿದ್ದವರೆಲ್ಲ ಕೈಯೆತ್ತಿ ಜೈ ಅಂದರು. ಕುರ್ಚಿಯ ಕಾಲು ಮುರಿಯಿತು. ಶೌಕಿ ಐಸಿನ ಮೇಲೆ, ಮೀನುಗಳ ನಡುವೆ ಬಿದ್ದ, ಬಿದ್ದಲ್ಲಿಂದಲೇ ಇನ್ನೊಮ್ಮೆ ಕೂಗಿದ.

ಆಫೀಸಿಗೆ ಮರಳಿದಾಗ ಅವನ ಮೈಯೆಲ್ಲ ಮೀನಿನ ವಾಸನೆ, ಮುಖದಲ್ಲಿ ಗೆಲುವಿನ ಕಳೆ.

"ಸೋತೆ ಕಣಯ್ಯಾ, ಪಟ್ಟೀನೇ ಮೊದ್ಲು," ಎಂದರು ಬಹ್ಗತ್. "ಇಂಜಿ, ಬರ್ದೋರು ಯಾರು ನೋಡಮ್ಮ."

ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬುದನ್ನು ಕಂಪ್ಯೂಟರು ಮರೆಯುವುದಿಲ್ಲ. ಇಂಜಿ ಗಟ್ಟಿಯಾಗಿ ಓದಿದಳು. "ಆರು ವರ್ಷದ ಹಿಂದೆ. ಟಿಪ್ಪಣೀನೂ ಇದೆ. 'ಪಟ್ಟಿ ಮೊದಲು ಬರಲಿ ಎಂದು ಬಹ್ಗತ್ ಸಾಹೇಬರು ಹಟ ಹಿಡಿದರು. ನಾನು ಬಗ್ಗಲಿಲ್ಲ. ನಾನು ಬದುಕಿರುವವರೆಗೆ ಇದನ್ನು ಯಾರೂ ಮುಟ್ಟಕೂಡದು. ಇಂತಿ, ಶೌಕಿ.'"

"ಕೆಲಸಾನೇ ಮೊದ್ಲು ಅಂತ ಆವತ್ತು ನೀನೇ ಅಲ್ವೇನಯ್ಯಾ ನನ್ನನ್ನ ಒಪ್ಪಿಸಿದ್ದು?" ಎಂದರು ಬಹ್ಗತ್, ಬಲು ಸೌಮ್ಯವಾಗಿ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. "ಆವತ್ತಿನ ಶೌಕಿ ಕತ್ತೆ! ಅವನ ಮಾತಿಗೂ ನಾನು ಬಗ್ಗಲ್ಲ!" ಎಂದು ಹೇಳಿ ಅವನು ಹೆಂಡತಿಗೆ ಫೋನು ಹಚ್ಚಿದ. ಫಂಕ್ಷನ್ನು, ಬಾಲದ ಡಬ್ಬ, ಹಾಜಿಯ ಮೀಸೆ, ಮುರಿದ ಕುರ್ಚಿ, ಆರು ವರ್ಷದ ಹಿಂದಿನ ಟಿಪ್ಪಣಿ, ಒಂದನ್ನೂ ಬಿಡದೆ ವಿವರಿಸಿದ.

ಆ ಕಡೆಯಿಂದ ಹೆಂಡತಿ ಕಿಡಿಕಾರಿದಳು. "ಇಷ್ಟುದ್ದ ಪುರಾಣ ಯಾತಕ್ರೀ? ನಾಳೆ ಬರಲ್ಲ ಅಂತ ಮೊದ್ಲೇ ಹೇಳ್ಬಾರ್ದಾ?"